ಕಡಲ ನಡುವೆ ಕಾಡು, ಕಾಡಿನೊಳಗೆ ಊರು

1886ರ ಮೇ ತಿಂಗಳಲ್ಲಿ ವ್ಯಾಂಕೂವರ್ ನಗರಸಭೆಗೆ ಮಾಡಲು ಕೆಲಸ ಬೇಕಾದಷ್ಟಿತ್ತು. ಕೆನಡಾದ ಪಶ್ಚಿಮ ಕರಾವಳಿಯ ಆ ಊರು ನಗರ ಎನಿಸಿಕೊಂಡು ಐದು ವಾರವಷ್ಟೇ ಆಗಿತ್ತು. ಬೀದಿಗಳಿಗಾಗಿ ಕಡಿದ ಮರಗಳ ಬೊಡ್ಡೆಗಳನ್ನು ಇನ್ನೂ ಕಿತ್ತಿರಲಿಲ್ಲ. ಖಂಡದ ಆಚೆ ತುದಿಯಿಂದ ಬರಬೇಕಾದ ರೈಲು ಊರು ಮುಟ್ಟಲು ಇನ್ನೂ ಒಂದು ವರ್ಷ ಬೇಕಿತ್ತು. ಯಾವ ದಿಕ್ಕಿಗೆ ತಿರುಗಿದರೂ ಕಾಡು. ಅಂಥ ಹೊತ್ತಿನಲ್ಲಿ, ಮೇ 12ರಂದು, ನಗರಸಭೆ ತನ್ನ ಮೊಟ್ಟಮೊದಲ ನಿರ್ಣಯಗಳಲ್ಲಿ ಒಂದನ್ನು ಕೈಗೊಂಡಿತು. ಊರ ಪಕ್ಕದ ಸಾವಿರ ಎಕರೆ ಕಾಡನ್ನು ಉದ್ಯಾನಕ್ಕೆಂದು ಬಿಟ್ಟುಕೊಡಿ ಎಂದು ಒಟ್ಟಾವಾದ ಕೇಂದ್ರ ಸರ್ಕಾರವನ್ನು ಕೇಳಿಕೊಂಡಿತು.

ಕಾಡಿನ ನಡುವೆ ಕೂತವರು ಕಾಡನ್ನೇ ಬೇಡಿದರು! ಸುಮಾರು ಒಂದು ತಿಂಗಳಿಗೆ, ಜೂನ್ 13ರಂದು, ಬೆಂಕಿ ಬಿದ್ದು ಮರದ ಮನೆಗಳ ಆ ಊರು ಒಂದು ಗಂಟೆಯೊಳಗೆ ಬೂದಿಯಾಯಿತು. ಊರು ಸುಟ್ಟರೂ ಅರ್ಜಿ ಉಳಿಯಿತು. ಮರುವರ್ಷ ಒಪ್ಪಿಗೆ ಬಂತು. 1888ರ ಸೆಪ್ಟೆಂಬರ್ 27ರಂದು ಉದ್ಯಾನ ಜನರಿಗೆ ತೆರೆಯಿತು. ಆಗಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಐಸ್ ಹಾಕಿ ಆಟದ ಸ್ಟ್ಯಾನ್ಲಿ ಕಪ್ ಕೊಟ್ಟವರೂ ಇವರೇ. 1889ರ ಅಕ್ಟೋಬರ್‌ನಲ್ಲಿ ಅವರು ಖುದ್ದಾಗಿ ಬಂದು ಉದ್ಯಾನವನ್ನು ಲೋಕಾರ್ಪಣೆ ಮಾಡಿದರು. ಬಣ್ಣ, ಧರ್ಮ, ಆಚಾರ ಯಾವುದೇ ಇರಲಿ, ಎಲ್ಲ ಜನರ ಬಳಕೆಗೂ ನಲಿವಿಗೂ ಈ ಜಾಗ ಎಂದೆಂದಿಗೂ ಸಲ್ಲುತ್ತದೆ ಎಂಬರ್ಥದ ಅವರ ಮಾತು ಅಲ್ಲಿಯ ಅವರ ಪ್ರತಿಮೆಯ ಪೀಠದ ಮೇಲಿದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸ್ಟ್ಯಾನ್ಲಿ ಪಾರ್ಕ್ ಇರುವುದು ಒಂದು ಪುಟ್ಟ ಪರ್ಯಾಯ ದ್ವೀಪದ ಮೇಲೆ. ಒಂದು ಕಡೆ ಬರಾರ್ಡ್ ಇನ್ಲೆಟ್ ಎಂಬ ಕಡಲ ಚಾಚು ಮತ್ತು ಬಂದರು, ಇನ್ನೊಂದು ಕಡೆ ಇಂಗ್ಲಿಷ್ ಬೇ ಕೊಲ್ಲಿ. ನಗರಕ್ಕೆ ಅಂಟಿಕೊಂಡಿರುವುದು ಒಂದು ಕಿರಿದಾದ ಕೊರಳು ಮಾತ್ರ. ವಿಸ್ತಾರ 405 ಹೆಕ್ಟೇರ್, ಅಂದರೆ ಸಾವಿರ ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ನಾಲ್ಕು ಲಾಲ್‌ಬಾಗ್‌ಗಳು ಇದರೊಳಗೆ ಹಿಡಿಸುತ್ತವೆ. ಆದರೆ ಲಾಲ್‌ಬಾಗ್‌ನಂತೆ ಇಲ್ಲಿ ಹೂಪಾತಿಗಳದೇ ರಾಜ್ಯವಲ್ಲ. ಬಹುಪಾಲು ಜಾಗ ಕಾಡು. ಡಗ್ಲಸ್ ಫರ್, ಕೆಂಪು ಸೀಡರ್, ಹೆಮ್ಲಾಕ್, ಸ್ಪ್ರೂಸ್ ಮರಗಳು ಬಿಸಿಲನ್ನು ತಡೆದು ನಿಂತಿವೆ. ಕೆಲವಕ್ಕೆ ನೂರಾರು ವರ್ಷ ವಯಸ್ಸು, ಕೆಲವದರ ಎತ್ತರ 70 ಮೀಟರ್ ದಾಟುತ್ತದೆ. ಪೇಟೆಯ ಗಾಜಿನ ಕಟ್ಟಡಗಳಿಂದ ಹೊರಟು ಕಾಲ್ನಡಿಗೆಯಲ್ಲಿ ಅರ್ಧ ಗಂಟೆಯೊಳಗೆ ಈ ಕಾಡಿನ ನೆರಳು ಹೊಗಬಹುದು.

ನಗರದ ಮಗ್ಗುಲಲ್ಲೇ ಮನುಷ್ಯನ ಕೈ ತಾಗದೆ ಉಳಿದ ಆದಿಕಾಲದ ಅಡವಿ ಎಂದು ಇದನ್ನು ಹೊಗಳುವುದು ರೂಢಿ. ನೋಡಿದವರಿಗೆ ಹಾಗೆ ಅನ್ನಿಸುವುದೂ ಸಹಜ. ಆದರೆ ಈ ಕಾಡಿನ ಕಾಲುದಾರಿಗಳಲ್ಲಿ ಹಲವು ಒಂದು ಕಾಲದಲ್ಲಿ ದಿಮ್ಮಿ ಎಳೆದ ದಾರಿಗಳು. ಅದರ ಕೆರೆಯನ್ನು ಮನುಷ್ಯರು ಮಾಡಿದರು, ಅದರ ದಡವನ್ನು ಮನುಷ್ಯರು ಕಟ್ಟಿದರು. ಅಲ್ಲಿ ಮನುಷ್ಯರು ವಾಸವೇ ಇರಲಿಲ್ಲವೇನೋ ಎಂಬಂತೆ ಮಾಡಿದವರೂ ಮನುಷ್ಯರೇ.

ಸೈನ್ಯ ಕಾಯ್ದಿಟ್ಟ ನೆಲ

ಈ ಕಾಡು ಉಳಿದದ್ದು ಕಾಡಿನ ಮೇಲಿನ ಪ್ರೀತಿಯಿಂದಲ್ಲ, ನೆರೆಯವರ ಮೇಲಿನ ಭಯದಿಂದ. 1860ರ ಆಸುಪಾಸಿನಲ್ಲಿ ಬ್ರಿಟಿಷ್ ಕೊಲಂಬಿಯಾ ಇನ್ನೂ ಬ್ರಿಟಿಷ್ ವಸಾಹತು. ದಕ್ಷಿಣದ ಅಮೆರಿಕ ಏರಿಬಂದರೆ ಬಂದರಿನ ಬಾಯಿ ಕಾಯಲು ಒಂದು ನೆಲೆ ಬೇಕೆಂದು ಅಧಿಕಾರಿಗಳು ಈ ಪರ್ಯಾಯ ದ್ವೀಪವನ್ನು ಸೈನ್ಯಕ್ಕೆ ಮೀಸಲಿಟ್ಟರು. ಅಮೆರಿಕ ಏರಿಬರಲಿಲ್ಲ. ಮೀಸಲು ಮಾತ್ರ ಹಾಗೆಯೇ ಮುಂದುವರಿಯಿತು. ಸುತ್ತಲ ನೆಲ ಮಾರಾಟವಾಗುತ್ತಿದ್ದಾಗ ಇದೊಂದು ತುಂಡು ಯಾರ ಕೈಗೂ ಸಿಗದೆ ನಿಂತಿತು.

ಅಷ್ಟಾದರೂ ಕೊಡಲಿ ಬೀಳದೆ ಇರಲಿಲ್ಲ. 1865ರಲ್ಲಿ ಎಡ್ವರ್ಡ್ ಸ್ಟ್ಯಾಂಪ್ ಎಂಬ ಕ್ಯಾಪ್ಟನ್ ಈಗಿನ ಬ್ರಾಕ್ಟನ್ ಪಾಯಿಂಟ್‌ನಲ್ಲಿ ಮರ ಕೊಯ್ಯುವ ಮಿಲ್ಲು ಹಾಕಲು ಹೊರಟರು. ಅಲ್ಲಿ ಕಡಲ ಸೆಳೆತ ಎಷ್ಟು ಜೋರಿತ್ತೆಂದರೆ ದಿಮ್ಮಿಗಳನ್ನು ನೀರಿನಲ್ಲಿ ಕಟ್ಟಿಹಾಕಿ ಇಡುವುದೇ ಆಗದು. ಸ್ಟ್ಯಾಂಪ್ ಗಂಟುಮೂಟೆ ಕಟ್ಟಿಕೊಂಡು ಪೂರ್ವದ ದಂಡೆಗೆ ಹೋದರು. ಆ ಮಿಲ್ಲಿನ ಸುತ್ತಮುತ್ತ ಬೆಳೆದದ್ದೇ ಮುಂದೆ ವ್ಯಾಂಕೂವರ್ ಆಯಿತು. ಸೆಳೆತ ಒಂದಿಷ್ಟು ಮೆತ್ತಗಿದ್ದಿದ್ದರೆ ಇಂದು ಪೇಟೆ ಇರುವಲ್ಲಿ ಕಾಡು, ಕಾಡಿರುವಲ್ಲಿ ಪೇಟೆ ಇರುತ್ತಿತ್ತೋ ಏನೋ.

ಮಿಲ್ಲು ಬರದಿದ್ದರೂ ಮರ ಕಡಿಯುವವರು ಬಂದರು. ಉದ್ಯಾನವಾಗುವ ಮೊದಲೇ ಈ ನೆಲದ ಬಹುಭಾಗದಲ್ಲಿ ಒಳ್ಳೆಯ ಮರಗಳನ್ನು ಆರಿಸಿ ಆರಿಸಿ ಕಡಿದು ಸಾಗಿಸಿದ್ದರು. ಗುರುತು ಇಂದಿಗೂ ಕಾಣುತ್ತದೆ. ಕಾಡಿನೊಳಗಿನ ಹಳೆಯ ಬೊಡ್ಡೆಗಳ ಮೇಲೆ, ನೆಲದಿಂದ ಎತ್ತರದಲ್ಲಿ, ಎರಡು ಗುಳಿಗಳು ಕಣ್ಣಿನಂತೆ ಕಾಣಿಸುತ್ತವೆ. ಬುಡ ತೀರ ದಪ್ಪವೆಂದು ಮರದವರು ಅಲ್ಲಿ ಹಲಗೆ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಇನ್ನೂ ಹಳೆಯ ಗುರುತು ಬೇರೆ ಬಗೆಯದು. ಕೆಲವು ಮುದಿ ಸೀಡರ್ ಮರಗಳ ಮೈಯಲ್ಲಿ ಉದ್ದಕ್ಕೆ ಸಿಪ್ಪೆ ಸುಲಿದ ಗಾಯ ಒಣಗಿ ನಿಂತಿದೆ. ಮೂಲನಿವಾಸಿಗಳು ಮರವನ್ನು ಕೊಲ್ಲದೆ ನಾರು ತೆಗೆದು ಚಾಪೆ, ಹಗ್ಗ, ಬಟ್ಟೆ ಮಾಡಿಕೊಳ್ಳುತ್ತಿದ್ದ ಕುರುಹು ಅದು.

ಇನ್ನು, ಬಡ ಊರೊಂದು ಸಾವಿರ ಎಕರೆ ಉದ್ಯಾನ ಕೇಳಿದ್ದೇಕೆ? ಹಸಿರಿನ ಆಸೆ ಇದ್ದೀತು, ಲೆಕ್ಕಾಚಾರವೂ ಇತ್ತು. ಆ ನಿರ್ಣಯ ಮಂಡಿಸಿದ ಎಲ್.ಎ. ಹ್ಯಾಮಿಲ್ಟನ್ ನಗರಸಭೆಯ ಸದಸ್ಯರಷ್ಟೇ ಅಲ್ಲ, ಕೆನಡಿಯನ್ ಪೆಸಿಫಿಕ್ ರೈಲ್ವೆಯ ಸರ್ವೇಯರ್ ಕೂಡ. ರೈಲ್ವೆ ಕಂಪನಿಯ ಕೈಯಲ್ಲಿ ಊರಿನ ಅಪಾರ ನಿವೇಶನಗಳಿದ್ದವು. ಪರ್ಯಾಯ ದ್ವೀಪದ ನೆಲ ಮಾರುಕಟ್ಟೆಗೆ ಬಾರದಿದ್ದರೆ, ಮೇಲಾಗಿ ಅದು ಚೆಂದದ ಉದ್ಯಾನವಾದರೆ, ಪಕ್ಕದ ನಿವೇಶನಗಳಿಗೆ ಬೆಲೆ ಬರುತ್ತದೆ. ಇದನ್ನು ತಿಳಿಯಲು ಬೆಂಗಳೂರಿನವರಿಗೆ ಅರ್ಥಶಾಸ್ತ್ರದ ಪಾಠ ಬೇಕಿಲ್ಲ.

ಕಾಗದದ ಮೇಲೆ ಈ ನೆಲ ಈಗಲೂ ಕೇಂದ್ರ ಸರ್ಕಾರದ್ದು. 1908ರಲ್ಲಿ ಅದು ನಗರಕ್ಕೆ 99 ವರ್ಷದ ಗುತ್ತಿಗೆ ಬರೆದುಕೊಟ್ಟಿತು. ಗುತ್ತಿಗೆಯನ್ನು ನವೀಕರಿಸುತ್ತ ಹೋಗಬಹುದು; ಬಾಡಿಗೆ ವರ್ಷಕ್ಕೆ ಒಂದು ಡಾಲರ್. ನೋಡಿಕೊಳ್ಳುವುದು ಜನರೇ ಮತ ಹಾಕಿ ಆರಿಸುವ ಪಾರ್ಕ್ ಬೋರ್ಡ್. ಉದ್ಯಾನಗಳಿಗೆಂದೇ ಚುನಾವಣೆ ನಡೆಸುವ ಇಂಥ ಮಂಡಳಿ ಅಪರೂಪ.

ಚಿಪ್ಪಿನ ರಸ್ತೆ

ಉದ್ಯಾನಕ್ಕೆ ಮೊದಲು ಬೇಕಾದದ್ದು ಸುತ್ತುವ ರಸ್ತೆ. 1888ರಲ್ಲಿ ಕೆಲಸ ಶುರುವಾದಾಗ ಜಲ್ಲಿ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಒಂದು ಕಡೆ ನೆಲದಡಿ ದಪ್ಪನೆಯ ಬಿಳಿ ಚಿಪ್ಪಿನ ಪದರವಿತ್ತು. ಅದನ್ನೇ ಅಗೆದು ತೆಗೆದು ರಸ್ತೆಗೆ ಹರಡಿದರು. ರಸ್ತೆ ಬೆಳ್ಳಗೆ ಹೊಳೆಯಿತು.

ಆ ಚಿಪ್ಪುಗಳು ಅಲ್ಲಿ ತಾವಾಗಿ ಬಂದು ಬಿದ್ದವಲ್ಲ. ತಲೆಮಾರುಗಳ ಕಾಲ ಅಲ್ಲಿ ಬಾಳಿದ ಜನ ಚಿಪ್ಪುಮೀನು ತಿಂದು ಎಸೆದ ತಿಪ್ಪೆ ಅದು. ನಮ್ಮ ಕರಾವಳಿಯವರು ಮರುವಾಯಿ ತಿಂದು ಚಿಪ್ಪು ಹಿತ್ತಲಿಗೆ ಹಾಕುವುದನ್ನು ನೆನೆದರೆ ಸಾಕು. ಅಷ್ಟು ದಪ್ಪ ಪದರವಾಗಬೇಕಾದರೆ ಎಷ್ಟು ಮನೆಗಳು, ಎಷ್ಟು ನೂರು ವರ್ಷಗಳು! ಆ ಊರಿನ ಹೆಸರು ಹ್ವಾಯ್‌ಹ್ವಾಯ್. ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇವಾಟುತ್ ಎಂಬ ಮೂರು ಮೂಲನಿವಾಸಿ ಸಮುದಾಯಗಳಿಗೆ ಈ ನೆಲ ಸೇರಿದ್ದು. 1792ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಈ ನೀರಿಗೆ ಬಂದಾಗ ಸ್ಥಳೀಯರು ದೋಣಿಗಳಲ್ಲಿ ಎದುರುಗೊಂಡಿದ್ದರು. ಉತ್ತರದ ದಂಡೆಯಲ್ಲಿ ಚೇತೂಸ್ ಎಂಬ ಇನ್ನೊಂದು ನೆಲೆಯಿತ್ತು. ಉದ್ಯಾನದ ಉದ್ಘಾಟನೆ ನಡೆದದ್ದು ಅಲ್ಲಿಯೇ.

ಮುಂದೆ ಸ್ಕ್ವಾಮಿಷ್ ಹಿರಿಯರಲ್ಲಿ ಒಬ್ಬರಾದ ಆಗಸ್ಟ್ ಜ್ಯಾಕ್ ಕಾಟ್ಸಲಾನೊ ಆಗ ಹುಡುಗ. ರಸ್ತೆಯ ಗೆರೆ ಎಳೆಯಲು ಬಂದ ಸರ್ವೆಯವರು ಚೇತೂಸ್‌ನಲ್ಲಿ ತಮ್ಮ ಮನೆಯ ಮೂಲೆಯನ್ನೇ ಕಡಿದ ಸಂಗತಿಯನ್ನು ಅವರು ಮುಪ್ಪಿನಲ್ಲಿ ನಗರದ ದಾಖಲೆಪಾಲಕರಿಗೆ ಹೇಳಿ ಬರೆಸಿದರು. ಮನೆಯೊಳಗೆ ಜನ ಇದ್ದಂತೆಯೇ ಗೆರೆ ಬಂದಿತ್ತು.

ಎಲ್ಲರೂ ಒಮ್ಮೆಗೇ ಹೋಗಲಿಲ್ಲ. ಬ್ರಾಕ್ಟನ್ ಪಾಯಿಂಟ್‌ನ ದಂಡೆಯಲ್ಲಿ ಮೂಲನಿವಾಸಿ ಹೆಂಗಸರೂ ಅವರನ್ನು ಮದುವೆಯಾದ ಪೋರ್ಚುಗೀಸ್, ಸ್ಕಾಟಿಷ್ ಮೂಲದ ಗಂಡಸರೂ ಕಟ್ಟಿಕೊಂಡ ಸಂಸಾರಗಳಿದ್ದವು. ಮೀನು ಹಿಡಿಯುವುದು, ಬಂದರಿನಲ್ಲಿ ದುಡಿಯುವುದು ಅವರ ಬದುಕು. 1920ರ ದಶಕದಲ್ಲಿ ಅವರು ಒತ್ತುವರಿದಾರರೆಂದು ದಾವೆ ಹೂಡಲಾಯಿತು. ಅರುವತ್ತು ವರ್ಷದಿಂದ ನಿರಂತರ ವಾಸವಿದ್ದೇವೆಂದು ಕಾಗದಪತ್ರದ ಮೂಲಕ ರುಜುವಾತು ಮಾಡಿ ಎಂದರೆ, ಮೀನುಗಾರರ ಮನೆಯಲ್ಲಿ ಕಾಗದ ಎಲ್ಲಿಂದ ಬರಬೇಕು? ಮೂಲನಿವಾಸಿ ಹಿರಿಯರ ಬಾಯಿಮಾತಿನ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ತೂಕ ಸಿಗಲಿಲ್ಲ. 1925ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪು ಕೊಟ್ಟಿತು. 1931ರಲ್ಲಿ ಮನೆಗಳಿಗೆ ಬೆಂಕಿ ಇಟ್ಟು ಜಾಗ ತೆರವು ಮಾಡಿದರು. ಟಿಮ್ ಕಮ್ಮಿಂಗ್ಸ್ ಎಂಬವರಿಗೆ ಮಾತ್ರ ಸಾಯುವ ತನಕ ಇರಲು ಬಿಟ್ಟರು. ಅವರು 1958ರಲ್ಲಿ ತೀರಿಕೊಂಡರು. ಈ ಸಂಸಾರಗಳ ಕಥೆಯನ್ನು ಇತಿಹಾಸಕಾರ್ತಿ ಜೀನ್ ಬಾರ್ಮನ್ 2005ರ ತಮ್ಮ ಪುಸ್ತಕದಲ್ಲಿ ಕಟ್ಟಿಕೊಡುವವರೆಗೆ ಬಹುಪಾಲು ವ್ಯಾಂಕೂವರಿಗರಿಗೆ ಇದರ ಅರಿವೇ ಇರಲಿಲ್ಲ.

ಒಂದು ವಿಪರ್ಯಾಸ ಗಮನಿಸಬೇಕು. ಇತ್ತ ನೆಲದ ಜನರನ್ನು ಎಬ್ಬಿಸುವ ದಾವೆ ನಡೆಯುತ್ತಿದ್ದ ದಶಕದಲ್ಲೇ ಅತ್ತ ಪ್ರವಾಸಿಗರಿಗಾಗಿ "ಇಂಡಿಯನ್ ಹಳ್ಳಿ" ಮಾಡುವ ಯೋಜನೆ ಹುಟ್ಟಿ, ದೂರದ ಅಲರ್ಟ್ ಬೇಯಿಂದ ಟೋಟೆಮ್ ಕಂಬಗಳನ್ನು ಕೊಂಡು ತಂದರು. ದೊಡ್ಡ ಸೀಡರ್ ಮರದಲ್ಲಿ ಹದ್ದು, ಕರಡಿ, ಕಪ್ಪೆ, ತಿಮಿಂಗಿಲ ಕೆತ್ತಿ, ಬಣ್ಣ ಬಳಿದು ನಿಲ್ಲಿಸುವ ಈ ಕಂಬಗಳು ಉತ್ತರದ ಕ್ವಾಕ್ವಾಕ್ಯವಾಕ್ವ, ಹೈಡಾ ಮೊದಲಾದ ಸಮುದಾಯಗಳವು. ಒಂದೊಂದು ಕಂಬ ಒಂದೊಂದು ಮನೆತನದ ಚರಿತ್ರೆ. ವ್ಯಾಂಕೂವರ್ ಸುತ್ತಲಿನ ಸೇಲಿಷ್ ಜನರ ಸಂಪ್ರದಾಯ ಬೇರೆಯೇ. ಅವರು ಕೆತ್ತುತ್ತಿದ್ದದ್ದು ಮನೆಯ ಕಂಬಗಳನ್ನು. ಹಳೆಯ ಕಂಬಗಳನ್ನು ಕಾಪಿಡಲು ಸಂಗ್ರಹಾಲಯಗಳಿಗೆ ಸಾಗಿಸಿ, ಬದಲಿಗೆ ಹೊಸದಾಗಿ ಕೆತ್ತಿದ ಕಂಬಗಳನ್ನು ನಿಲ್ಲಿಸಿದ್ದಾರೆ. ಬ್ರಾಕ್ಟನ್ ಪಾಯಿಂಟ್‌ನ ಈ ಕಂಬಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಪ್ರವಾಸಿ ಇಲ್ಲ. ನೆಲದ ಒಡೆಯರ ಕಲೆ ಅದೇ ಜಾಗಕ್ಕೆ ಬರಲು 2008ರ ತನಕ ಕಾಯಬೇಕಾಯಿತು. ಆ ವರ್ಷ ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಕೆತ್ತಿದ ಮೂರು ಹೆಬ್ಬಾಗಿಲುಗಳು ಅಲ್ಲಿ ನಿಂತವು.

ಮೇಸ್ತ್ರಿಯೊಬ್ಬರ ಗೋಡೆ

ಕಡಲ್ಕೊರೆತ ಏನೆಂದು ಉಳ್ಳಾಲದವರಿಗೆ, ಮರವಂತೆಯವರಿಗೆ ಹೇಳಿಕೊಡಬೇಕಿಲ್ಲ. ಸ್ಟ್ಯಾನ್ಲಿ ಪಾರ್ಕಿನ ದಡಕ್ಕೂ ಅದೇ ಕಾಟ. ಬಂದರಿಗೆ ಹೋಗಿಬರುವ ಉಗಿಹಡಗುಗಳು ಎಬ್ಬಿಸಿದ ಅಲೆ ದಡವನ್ನು ದಿನದಿನವೂ ಕೆರೆಯುತ್ತಿತ್ತು. ತಡೆಗೋಡೆಯ ಕೆಲಸ 1917ರಲ್ಲಿ ಆರಂಭವಾಯಿತು. ಹಣ ಬಂದಾಗ ಕೆಲಸ, ಇಲ್ಲದಾಗ ಬಿಡುವು. ಕೆಲಸವಿಲ್ಲದ ಗಂಡಸರಿಗೆ ಕೂಲಿ ಕೊಡುವ ಬರಗಾಲದ ಕಾಮಗಾರಿಯಂತೆಯೂ ಅದು ನಡೆಯಿತು.

ಈ ಗೋಡೆಯ ಹಿಂದೆ ಜೇಮ್ಸ್ ಕನ್ನಿಂಗ್‌ಹ್ಯಾಮ್ ಎಂಬ ಕಲ್ಲುಕೆಲಸದ ಮೇಸ್ತ್ರಿಯ ಜೀವಮಾನವಿದೆ. ಗ್ರಾನೈಟ್ ಕಲ್ಲನ್ನು ಅಳತೆಗೆ ಒಡೆದು, ಇಳಿತದ ಹೊತ್ತು ನೋಡಿ ದಡಕ್ಕಿಳಿದು, ಉಬ್ಬರ ಬರುವುದರೊಳಗೆ ಸಾಲು ಕೂರಿಸುವ ಕೆಲಸವನ್ನು ಅವರು ಮೂರು ದಶಕ ಮಾಡಿಸಿದರು. ನಿವೃತ್ತಿಯಾದ ಮೇಲೂ ಬಂದು ನಿಂತು ನೋಡುತ್ತಿದ್ದರು. 1963ರಲ್ಲಿ ಅವರು ತೀರಿಕೊಂಡಾಗ ಗೋಡೆ ಇನ್ನೂ ಮುಗಿದಿರಲಿಲ್ಲ. ಅವರ ಚಿತಾಭಸ್ಮವನ್ನು ಅದೇ ದಡದ ಬಂಡೆಯಲ್ಲಿ ಇಟ್ಟು ಹೆಸರಿನ ಫಲಕ ಹಾಕಿದ್ದಾರೆ. 1971ರಲ್ಲಿ ಸುತ್ತು ಕೂಡಿಕೊಂಡಿತು, ಮೇಲಿನ ದಾರಿ ಪೂರ್ತಿ ಡಾಂಬರು ಕಂಡದ್ದು 1980ರಲ್ಲಿ. ಒಂದು ಗೋಡೆಗೆ ಅರುವತ್ತು ವರ್ಷ!

ದಡ ಉಳಿಸಲು ಕಟ್ಟಿದ ಗೋಡೆ ಈಗ ಉದ್ಯಾನದ ಜೀವಾಳ. ಜನ ಅದನ್ನು ಸೀವಾಲ್ ಎಂದೇ ಕರೆಯುತ್ತಾರೆ. ಉದ್ಯಾನವನ್ನು ಸುತ್ತುವ ಭಾಗ ಸುಮಾರು 9 ಕಿಲೋಮೀಟರ್. ನಡೆಯುವವರಿಗೆ ಕಡಲ ಕಡೆಯ ಪಟ್ಟಿ, ಸೈಕಲ್ಲಿನವರಿಗೆ ಒಳಗಿನ ಪಟ್ಟಿ. ಸೈಕಲ್ಲಿಗೆ ಒಂದೇ ದಿಕ್ಕು, ಗಡಿಯಾರದ ಮುಳ್ಳಿಗೆ ಎದುರಾಗಿ. ಗುಡಿಯ ಪ್ರದಕ್ಷಿಣೆಗೆ ಹೊಂದಿಕೊಂಡ ಕಾಲಿಗೆ ಮೊದಲು ತುಸು ಗಲಿಬಿಲಿಯಾದರೆ ಆಶ್ಚರ್ಯವಿಲ್ಲ. ಕಡಲು ಮಾತ್ರ ಇನ್ನೂ ಸೋಲೊಪ್ಪಿಲ್ಲ. 2022ರ ಜನವರಿಯಲ್ಲಿ ಬಿರುಗಾಳಿಯೂ ಭಾರೀ ಉಬ್ಬರವೂ ಒಟ್ಟಿಗೆ ಬಂದು ಗೋಡೆಯ ಮೇಲಿನ ದಾರಿಯನ್ನು ಅಲ್ಲಲ್ಲಿ ಕಿತ್ತುಹಾಕಿದವು.

ಪಶ್ಚಿಮದ ದಂಡೆಯಲ್ಲಿ ಗೋಡೆಯ ಆಚೆ, ನೀರಿನಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಕಂಬವೊಂದು ಕಾಣುತ್ತದೆ. ನೆತ್ತಿಯ ಮೇಲೆ ಒಂದು ಪುಟ್ಟ ಮರ. ಸುತ್ತಲ ಮೆದು ಮರಳುಗಲ್ಲು ಅಲೆಗೆ ಸವೆದು ಹೋಗಿ, ಜ್ವಾಲಾಮುಖಿಯಿಂದ ಹುಟ್ಟಿದ ಈ ಗಟ್ಟಿ ಕಲ್ಲು ಉಳಿದುಕೊಂಡಿತು ಎನ್ನುತ್ತದೆ ಭೂವಿಜ್ಞಾನ. ಸ್ಕ್ವಾಮಿಷ್ ಜನರ ಕಥೆ ಬೇರೆ. ಹುಟ್ಟಲಿರುವ ಕೂಸಿಗೆ ತಂದೆಯ ಮೈಮನಸ್ಸಿನ ಮಡಿ ಸಿಗಲೆಂದು ಒಬ್ಬ ತರುಣ ಕಡಲಲ್ಲಿ ಈಜುತ್ತಿದ್ದ. ದಾರಿ ಬಿಡು ಎಂದು ದೇವತೆಗಳ ದೋಣಿ ಬಂದು ಹೇಳಿದರೂ ಅವನು ಬಿಡಲಿಲ್ಲ. ಆ ನಿಷ್ಠೆ ಮೆಚ್ಚಿ ಅವರು ಅವನನ್ನು ಎಂದೆಂದಿಗೂ ನಿಲ್ಲುವ ಕಲ್ಲಾಗಿಸಿದರು. ಇಂಗ್ಲಿಷಿನಲ್ಲಿ ಬಹುಕಾಲ ಸೈವಾಷ್ ರಾಕ್ ಎಂಬ ಹೆಸರಿತ್ತು. ಆ ಪದ ಮೂಲನಿವಾಸಿಗಳನ್ನು ಹೀಗಳೆಯಲು ಬಳಸುತ್ತಿದ್ದ ಬೈಗುಳ. ಸ್ಕ್ವಾಮಿಷ್ ಭಾಷೆಯ ಮೂಲ ಹೆಸರಿನ ಅರ್ಥ "ನಿಂತಿರುವವನು" ಎಂದು. ಆ ಹೆಸರನ್ನೇ ಮರಳಿ ತರುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ.

ಕಳೆದುಹೋದ ಕೆರೆ

ಕಲ್ಲಿನ ಈ ಕಥೆ ಹೊರಜಗತ್ತಿಗೆ ತಿಳಿದದ್ದು ಪಾಲಿನ್ ಜಾನ್ಸನ್ ಅವರಿಂದ. ತಂದೆ ಮೊಹಾಕ್ ಜನಾಂಗದ ಮುಖ್ಯಸ್ಥ, ತಾಯಿ ಇಂಗ್ಲಿಷ್ ಮಹಿಳೆ. ಊರೂರು ಸುತ್ತಿ ವೇದಿಕೆಯಲ್ಲಿ ಕವಿತೆ ಓದಿ ಬದುಕಿದ ಕವಯಿತ್ರಿ. ಕೊನೆಯ ವರ್ಷಗಳಲ್ಲಿ ವ್ಯಾಂಕೂವರ್‌ಗೆ ಬಂದು ನೆಲೆಸಿ, ಸ್ಕ್ವಾಮಿಷ್ ನಾಯಕ ಜೋ ಕೆಪಿಲಾನೊ ಹೇಳಿದ ಕಥೆಗಳನ್ನು ಬರೆದಿಟ್ಟರು. 1911ರಲ್ಲಿ ಅವು ಪುಸ್ತಕವಾದವು. ಎರಡು ವರ್ಷಕ್ಕೆ ಜಾನ್ಸನ್ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಈ ಉದ್ಯಾನದಲ್ಲೇ ಇಟ್ಟರು.

ಉದ್ಯಾನದ ಬಾಗಿಲಲ್ಲಿರುವ ನೀರಿನ ಹೆಸರೂ ಅವರದೇ ಕೊಡುಗೆ. ಆ ಕಾಲಕ್ಕೆ ಅದು ಕೆರೆಯಾಗಿರಲಿಲ್ಲ, ಬಂದರಿನ ಒಳಚಾಚು. ಉಬ್ಬರದಲ್ಲಿ ತುಂಬಿ, ಇಳಿತದಲ್ಲಿ ಬರಿಯ ಕೆಸರು. ಅಲ್ಲಿ ದೋಣಿ ಹಾಯಿಸುವುದು ಜಾನ್ಸನ್ ಅವರಿಗೆ ಇಷ್ಟ. ನೀರಿಳಿದಾಗ ತಮ್ಮ ನೆಚ್ಚಿನ ತಾಣವೇ ಮಾಯವಾಗುತ್ತಿದ್ದುದರಿಂದ ಅದನ್ನು "ಲಾಸ್ಟ್ ಲಗೂನ್" ಎಂದು ಕರೆದು ಕವಿತೆ ಬರೆದರು. ಅವರು ಹೋದ ಕೆಲವೇ ವರ್ಷಗಳಲ್ಲಿ ಬಂದರಿಗೂ ಅದಕ್ಕೂ ನಡುವೆ ಏರಿ ಹಾಕಿ ರಸ್ತೆ ಮಾಡಿದರು. ಉಬ್ಬರ ಇಳಿತ ನಿಂತುಹೋಯಿತು. ಕೆಸರು ನೆಲ ಸಿಹಿನೀರ ಕೆರೆಯಾಯಿತು. ಹೀಗೆ ಕಳೆದುಹೋಗುವುದರಿಂದ ಹೆಸರು ಪಡೆದ ನೀರು ಮತ್ತೆಂದೂ ಕಳೆದುಹೋಗದಂತಾಯಿತು. 1936ರಲ್ಲಿ ನಗರದ ಸುವರ್ಣ ಮಹೋತ್ಸವಕ್ಕೆ ಕೆರೆಯ ನಡುವೆ ಒಂದು ಕಾರಂಜಿ ಬಂತು. ಈಗ ಅಲ್ಲಿ ಬಾತುಕೋಳಿಗಳ ಸಂತೆ.

ಇಲ್ಲಿ ಕಾಲಿಗೆ ಅಡ್ಡಬರುವ ಬೂದು ಅಳಿಲುಗಳೂ ಸ್ಥಳೀಯವಲ್ಲ. 1909ರಲ್ಲಿ ನ್ಯೂಯಾರ್ಕಿನಿಂದ ತಂದು ಬಿಟ್ಟ ಕೆಲವು ಜೋಡಿಗಳ ಸಂತಾನ ಅವು.

ಅತಿ ದೊಡ್ಡ ಬದಲಾವಣೆ ತಂದದ್ದು ಸೇತುವೆ. ಬಂದರಿನ ಬಾಯಿಗೆ ಅಡ್ಡಲಾಗಿ ತೂಗುಸೇತುವೆ ಕಟ್ಟಿ, ಅದಕ್ಕೆ ಉದ್ಯಾನದ ನಡುಮಧ್ಯೆ ಹೆದ್ದಾರಿ ಸೀಳಬೇಕೆಂಬ ಪ್ರಸ್ತಾವವನ್ನು 1927ರ ಮತದಾನದಲ್ಲಿ ಜನ ತಿರಸ್ಕರಿಸಿದರು. ಆಮೇಲೆ ಮಹಾ ಆರ್ಥಿಕ ಕುಸಿತ ಬಂತು, ಕೂಲಿ ಸಿಕ್ಕರೆ ಸಾಕೆಂಬ ಕಾಲ. 1933ರಲ್ಲಿ ಅದೇ ಜನ ಒಪ್ಪಿದರು. ಆಚೆ ದಡದಲ್ಲಿ ನಿವೇಶನ ಮಾರಲು ಹೊರಟಿದ್ದ, ಬಿಯರ್‌ಗೆ ಹೆಸರಾದ ಗಿನ್ನೆಸ್ ಕುಟುಂಬ ಹಣ ಹಾಕಿತು. 1938ರಲ್ಲಿ ಲಯನ್ಸ್ ಗೇಟ್ ಸೇತುವೆ ತೆರೆಯಿತು. ಅಂದಿನಿಂದ ವಾಹನಗಳ ಸದ್ದು ಕಾಡನ್ನು ಎರಡು ಪಾಲು ಮಾಡಿದೆ.

ಎಲ್ಲ ಸಲವೂ ಕಟ್ಟುವವರೇ ಗೆಲ್ಲಲಿಲ್ಲ. 1971ರಲ್ಲಿ ಉದ್ಯಾನದ ಬಾಗಿಲಲ್ಲೇ ಭಾರೀ ಹೋಟೆಲ್ ಕಟ್ಟಡಗಳು ಏಳಲಿದ್ದವು. ಯುವಕ ಯುವತಿಯರು ಬೇಲಿ ಮುರಿದು ಒಳನುಗ್ಗಿ, ಗಿಡ ನೆಟ್ಟು, ಡೇರೆ ಹಾಕಿ ತಿಂಗಳುಗಟ್ಟಲೆ ಕೂತರು. ಹೋಟೆಲ್ ಏಳಲಿಲ್ಲ, ಆ ಜಾಗವೂ ಇಂದು ಹಸಿರು ಹಾಸು.

ಕ್ರಿಕೆಟ್ಟು, ತಿಮಿಂಗಿಲ, ಫಿರಂಗಿ

ಸಾವಿರ ಎಕರೆಯಲ್ಲಿ ಏನಿಲ್ಲ? ಗುಲಾಬಿ ತೋಟ, ಪುಟಾಣಿ ರೈಲು, ಈಜುವ ಕಡಲ ತೀರಗಳು, ಬಯಲು ರಂಗಮಂದಿರ. ಕ್ರಿಕೆಟ್ ಮೈದಾನವೂ ಇದೆ ಎಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಬ್ರಾಕ್ಟನ್ ಪಾಯಿಂಟ್‌ನ ಈ ಅಂಗಳದಲ್ಲಿ ಒಂದು ಕಡೆ ಕಾಡು, ಇನ್ನೊಂದು ಕಡೆ ನೀರು, ಆಚೆ ಹಿಮದ ಬೆಟ್ಟ. 1932ರ ಉತ್ತರ ಅಮೆರಿಕ ಪ್ರವಾಸದಲ್ಲಿ ಡಾನ್ ಬ್ರಾಡ್ಮನ್ ಇಲ್ಲಿ ಆಡಿದ್ದರು. ಇದರಷ್ಟು ಚೆಂದದ ಮೈದಾನ ಕಂಡಿಲ್ಲವೆಂದು ಅವರು ಮೆಚ್ಚಿಕೊಂಡರೆಂಬುದು ಸ್ಥಳೀಯ ಆಟಗಾರರ ಹೆಮ್ಮೆ.

1956ರಲ್ಲಿ ಕೆನಡಾದ ಮೊದಲ ಸಾರ್ವಜನಿಕ ಅಕ್ವೇರಿಯಂ ಇಲ್ಲಿ ಬಾಗಿಲು ತೆರೆಯಿತು. 1967ರಲ್ಲಿ ಸ್ಕಾನಾ ಎಂಬ ಓರ್ಕಾ ತಿಮಿಂಗಿಲ ಬಂತು. ಅದರ ದೃಷ್ಟಿಶಕ್ತಿಯನ್ನು ಪರೀಕ್ಷಿಸಲು ಬಂದ ವಿಜ್ಞಾನಿ ಪಾಲ್ ಸ್ಪಾಂಗ್, ಇಷ್ಟು ಜಾಣ ಜೀವಿಯನ್ನು ತೊಟ್ಟಿಯಲ್ಲಿ ಇಡಬಾರದೆಂದು ಅದರ ಬಿಡುಗಡೆಗೆ ವಾದಿಸತೊಡಗಿದರು. ವ್ಯಾಂಕೂವರ್‌ನಲ್ಲೇ ಹುಟ್ಟಿದ ಗ್ರೀನ್‌ಪೀಸ್ ಸಂಘಟನೆ ತಿಮಿಂಗಿಲ ಬೇಟೆಯ ವಿರುದ್ಧ ಕಡಲಿಗಿಳಿಯುವುದರ ಹಿಂದೆ ಅವರ ಒತ್ತಾಯವಿತ್ತು. 2017ರಲ್ಲಿ ಪಾರ್ಕ್ ಬೋರ್ಡ್ ಹೊಸದಾಗಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ತಂದು ಇಡುವುದನ್ನೇ ನಿಷೇಧಿಸಿತು. ಅದಕ್ಕೂ ಮೊದಲು, 1993ರಲ್ಲಿ, ಜನರು ಮತ ಹಾಕಿ ಉದ್ಯಾನದ ಮೃಗಾಲಯವನ್ನು ಮುಚ್ಚಿಸಿದ್ದರು.

ರಾತ್ರಿ ಒಂಬತ್ತಕ್ಕೆ ಬಂದರಿನ ದಂಡೆಯಲ್ಲಿ ಒಂದು ಫಿರಂಗಿ ಹಾರುತ್ತದೆ. 1816ರಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಅದು 1894ರಲ್ಲಿ ಇಲ್ಲಿಗೆ ಬಂತು. ಹಡಗಿನವರು ಅದರ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. 1969ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫಿರಂಗಿಯನ್ನೇ ಕದ್ದೊಯ್ದು, ಮಕ್ಕಳ ಆಸ್ಪತ್ರೆಗೆ ದೇಣಿಗೆ ಕೊಟ್ಟರೆ ಹಿಂದಿರುಗಿಸುತ್ತೇವೆ ಎಂದಿದ್ದರು!

ಎಲ್ಲ ಬಣ್ಣದವರಿಗೂ ಸಲ್ಲುತ್ತದೆ ಎಂಬ ಲಾರ್ಡ್ ಸ್ಟ್ಯಾನ್ಲಿ ಅವರ ಮಾತಿಗೆ ಈಗ ಮರಳಬಹುದು. 1914ರ ಮೇ 23ರಂದು ಕೊಮಗಾಟ ಮಾರು ಎಂಬ ಹಡಗು 376 ಭಾರತೀಯರನ್ನು ಹೊತ್ತು ಬರಾರ್ಡ್ ಇನ್ಲೆಟ್‌ಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಕೆನಡಾ ಆಗ ಬ್ರಿಟಿಷ್ ಸಾಮ್ರಾಜ್ಯದ ಭಾಗ, ಅವರೂ ಅದೇ ಸಾಮ್ರಾಜ್ಯದ ಪ್ರಜೆಗಳು. ಎರಡು ತಿಂಗಳು ಹಡಗು ನೀರಿನಲ್ಲೇ ನಿಂತಿತು. ಬೆರಳೆಣಿಕೆಯ ಕೆಲವರನ್ನು ಬಿಟ್ಟು ಮಿಕ್ಕವರಿಗೆ ದಡ ಹತ್ತಲು ಬಿಡಲಿಲ್ಲ. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ಹಿಂದಕ್ಕಟ್ಟಿದರು. ಉದ್ಯಾನದಿಂದ ಪೇಟೆಯ ಕಡೆಗೆ ಕಡಲ ದಾರಿಯಲ್ಲೇ ನಡೆದರೆ ಕೋಲ್ ಹಾರ್ಬರ್ ದಂಡೆಯಲ್ಲಿ 2012ರಲ್ಲಿ ನಿಲ್ಲಿಸಿದ ಸ್ಮಾರಕ ಸಿಗುತ್ತದೆ. 2016ರ ಮೇ 18ರಂದು ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಉದ್ಯಾನದೊಳಗೇ ಇನ್ನೊಂದು ಸಾಕ್ಷಿಯಿದೆ. ಮೊದಲ ಮಹಾಯುದ್ಧದಲ್ಲಿ ಕೆನಡಾದ ಪರವಾಗಿ ಹೋರಾಡಿ ಮಡಿದ ಜಪಾನಿ ಮೂಲದ ಸೈನಿಕರಿಗಾಗಿ 1920ರಲ್ಲಿ ಒಂದು ಕಂಬ ನಿಲ್ಲಿಸಿ, ನೆತ್ತಿಯ ಮೇಲೆ ದೀಪ ಹಚ್ಚಿದರು. 1942ರಲ್ಲಿ ಜಪಾನಿ ಮೂಲದ ನಾಗರಿಕರನ್ನು ಕರಾವಳಿಯಿಂದ ಶಿಬಿರಗಳಿಗೆ ಸಾಗಿಸಿದಾಗ ಆ ದೀಪವನ್ನು ಆರಿಸಿದರು. ಅದನ್ನು ಮತ್ತೆ ಹಚ್ಚಿದ್ದು 1985ರಲ್ಲಿ.

ಗಾಳಿ ಮತ್ತು ಹುಳು

2006ರ ಡಿಸೆಂಬರ್ 15ರ ಬೆಳಗಿನ ಜಾವ ಬೀಸಿದ ಬಿರುಗಾಳಿಗೆ ಹತ್ತು ಸಾವಿರದಷ್ಟು ಮರಗಳು ಉರುಳಿದವು. ಹಾಲೋ ಟ್ರೀ ಎಂಬ ಪೊಳ್ಳು ಸೀಡರ್ ಮರ ವಾಲಿತು. ಒಂದು ಕಾಲದಲ್ಲಿ ಜನ ಅದರ ಪೊಟರೆಯೊಳಗೆ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಡಿದುಬಿಡೋಣ ಎಂದಿತು ಪಾರ್ಕ್ ಬೋರ್ಡ್. ಬೇಡವೆಂದ ನಾಗರಿಕರು ಚಂದಾ ಎತ್ತಿ, ಉಕ್ಕಿನ ಆಧಾರ ಕೊಟ್ಟು 2011ರ ಹೊತ್ತಿಗೆ ಅದನ್ನು ನಿಲ್ಲಿಸಿಯೇ ಬಿಟ್ಟರು.

ಈಗಿನ ಸಂಕಟ ಇನ್ನೂ ದೊಡ್ಡದು. ಹೆಮ್ಲಾಕ್ ಲೂಪರ್ ಎಂಬ ಪತಂಗದ ಮರಿಹುಳುಗಳು ಕೆಲವು ವರ್ಷ ಒಂದೇ ಸಮನೆ ಎಲೆ ಮೇದವು. ಬೇಸಿಗೆಯ ಬರದಿಂದ ಮರಗಳು ಮೊದಲೇ ಸೊರಗಿದ್ದವು. ಉದ್ಯಾನದ ಕಾಲು ಭಾಗದಷ್ಟು, ಅಂದರೆ ಸುಮಾರು 1,60,000 ಮರಗಳು ಸತ್ತಿವೆ ಇಲ್ಲವೆ ಸಾಯುವಂತಿವೆ ಎಂದು 2023ರ ಕೊನೆಯಲ್ಲಿ ನಗರ ಲೆಕ್ಕ ಕೊಟ್ಟಿತು. ಒಣಮರ ಬಿದ್ದು ಜನರಿಗೆ ಅಪಾಯ, ಬೆಂಕಿ ಬಿದ್ದರೆ ಇನ್ನೂ ಅಪಾಯ, ಆದ್ದರಿಂದ ಕಡಿಯಬೇಕು ಎಂಬುದು ಅಧಿಕಾರಿಗಳ ವಾದ. ಕಾಡು ತನ್ನಷ್ಟಕ್ಕೆ ಚೇತರಿಸಿಕೊಳ್ಳುತ್ತದೆ, ಬಿಟ್ಟುಬಿಡಿ ಎನ್ನುವವರದು ಇನ್ನೊಂದು ವಾದ. ನೂರೈವತ್ತು ವರ್ಷ ಕಡಿದು, ನೆಟ್ಟು, ತಿದ್ದಿದ ಕಾಡಿಗೆ "ತನ್ನಷ್ಟಕ್ಕೆ" ಎಂದರೇನು ಎಂಬ ಪ್ರಶ್ನೆ ಈ ಜಗಳದ ಬುಡದಲ್ಲಿದೆ.

ಉತ್ತರ ಹುಡುಕಲು ಈ ಸಲ ಕೂತವರು ಬೇರೆ. 2014ರಿಂದ ಪಾರ್ಕ್ ಬೋರ್ಡಿನ ಜೊತೆ ಮಸ್ಕ್ವಿಯಮ್, ಸ್ಕ್ವಾಮಿಷ್, ಸ್ಲೇವಾಟುತ್ ಸಮುದಾಯಗಳ ಪ್ರತಿನಿಧಿಗಳು ಮೇಜಿನ ಎದುರು ಕೂತಿದ್ದಾರೆ. ಉದ್ಯಾನದ ಮುಂದಿನ ನೂರು ವರ್ಷಗಳ ಯೋಜನೆಯನ್ನು ನಾಲ್ವರೂ ಸೇರಿ ರೂಪಿಸುತ್ತಿದ್ದಾರೆ.

ವ್ಯಾಂಕೂವರ್‌ಗೆ ಹೋಗುವವರಿಗೆ ಒಂದೆರಡು ಮಾತು. ಉದ್ಯಾನದೊಳಗೆ ಹೋಗಲು ಟಿಕೆಟ್ ಇಲ್ಲ. ಸೀವಾಲ್ ಸುತ್ತಲು ನಡೆದರೆ ಎರಡೂವರೆ ಮೂರು ಗಂಟೆ ಬೇಕು. ಸೈಕಲ್ ಹತ್ತಿರದಲ್ಲೇ ಬಾಡಿಗೆಗೆ ಸಿಗುತ್ತದೆ. ಜುಲೈ ಆಗಸ್ಟ್ ಬಿಟ್ಟರೆ ಮಳೆಯ ಅಂಗಿ ಜೊತೆಗಿರಲಿ. ಟೋಟೆಮ್ ಕಂಬಗಳ ಬಳಿ ಎಲ್ಲರೂ ನಿಲ್ಲುತ್ತಾರೆ, ನೀವೂ ನಿಲ್ಲಿ. ಆದರೆ ಅಲ್ಲಿ 2009ರಲ್ಲಿ ಬಂದ ಒಂದು ಕಂಬವನ್ನು ಹುಡುಕಿ ನೋಡಿ. ಅದಕ್ಕೆ ಬಣ್ಣ ಕಡಿಮೆ, ಮರದ ಮೈಯೇ ಹೆಚ್ಚು. ಅದನ್ನು ಕೆತ್ತಿದವರು ಸ್ಕ್ವಾಮಿಷ್ ಕಲಾವಿದ ರಾಬರ್ಟ್ ಯೆಲ್ಟನ್, ತಮ್ಮ ತಾಯಿ ರೋಸ್ ಕೋಲ್ ಯೆಲ್ಟನ್ ಅವರ ನೆನಪಿಗೆ. ರೋಸ್ ಹುಡುಗಿಯಾಗಿದ್ದಾಗ ಬ್ರಾಕ್ಟನ್ ಪಾಯಿಂಟ್‌ನಲ್ಲೇ ಇದ್ದರು, ಎಬ್ಬಿಸಿದ ಆ ಸಂಸಾರಗಳಲ್ಲಿ ಒಂದರ ಮಗಳು. ಕಂಬ ನಿಂತಿರುವುದು ಅವರ ಮನೆಯಿದ್ದ ಜಾಗದ ಮುಂದೆ.